ತೂತಿನ ಸುತ್ತಲಿನ ಗೆರೆಗಳು: ಧಾರವಾಡದಿಂದ ಮುಂಬಯಿಗೆ ಪ್ಲೇಟುಗಳ ಬೆನ್ನು ಹತ್ತಿ

ಮೊದಲ ದಿನ, ಸೋಮವಾರ: ಧಾರವಾಡ

ಹಳೆಯ ಹಿಂದುಸ್ತಾನಿ ಸಂಗೀತದ ಗ್ರಾಮಫೋನ್ ಪ್ಲೇಟುಗಳನ್ನು ಹುಡುಕಿಕೊಂಡು ವರ್ಷಕ್ಕೊಮ್ಮೆ ಹುಬ್ಬಳ್ಳಿಯಿಂದ ಮುಂಬಯಿಯವರೆಗೆ ಹೋಗಿಬರುವ ಚಟ ನನಗಿದೆ. ಹೊರಡುವ ವಾರವನ್ನು ಪಂಚಾಂಗ ನೋಡಿ ಅಲ್ಲ, ಸಂತೆ ನೋಡಿ ಗೊತ್ತುಮಾಡುತ್ತೇನೆ. ಪುಣೆಯ ಜುನಾ ಬಜಾರು ಬುಧವಾರ ಮತ್ತು ಭಾನುವಾರ ಕೂಡುತ್ತದೆ. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಅಂಗಡಿಗಳು ಶುಕ್ರವಾರ ಮುಚ್ಚಿರುತ್ತವೆ, ಆದರೆ ಅದೇ ಶುಕ್ರವಾರ ಬೆಳಕು ಹರಿಯುವ ಮೊದಲು ಅಲ್ಲಿನ ಬೀದಿಗಳಲ್ಲಿ ಜುಮ್ಮಾ ಸಂತೆ ಹರಡಿಕೊಳ್ಳುತ್ತದೆ. ಹೀಗಾಗಿ ಸೋಮವಾರ ಮನೆ ಬಿಟ್ಟರೆ ಎಲ್ಲವೂ ಸಾಲಾಗಿ ಸಿಗುತ್ತವೆ. ಈ ಸಲ ನವೆಂಬರ್ ತಿಂಗಳ ಒಂದು ಸೋಮವಾರ ಹೊರಟವನು ಮೊದಲ ರಾತ್ರಿಯನ್ನು ಧಾರವಾಡದಲ್ಲೇ ಕಳೆದೆ.

ಧಾರವಾಡದಲ್ಲಿ ನನಗೆ ಪ್ಲೇಟಿನ ವಿದ್ಯೆ ಕಲಿಸಿದ ಹಿರಿಯರೊಬ್ಬರಿದ್ದಾರೆ. ಶಾಲಾ ಮಾಸ್ತರರಾಗಿ ನಿವೃತ್ತರಾದವರು. ಮಲ್ಲಿಕಾರ್ಜುನ ಮನ್ಸೂರರನ್ನು ಎದುರು ಕುಳಿತು ಕೇಳಿದವರು. ಮನ್ಸೂರರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕವಾಗಿದೆ. ಮಾಸ್ತರರ ಮನೆ ಮಾತ್ರ ಇನ್ನೂ ಮನೆಯಾಗಿಯೇ ಉಳಿದಿದ್ದು, ಅದರ ನಡುಮನೆಯ ಗೋಡೆಯುದ್ದಕ್ಕೂ ಪ್ಲೇಟುಗಳು ಪುಸ್ತಕದಂತೆ ನೆಟ್ಟಗೆ ನಿಂತಿವೆ. ಅಡ್ಡ ಒಟ್ಟಿದರೆ ಕೆಳಗಿನವು ಭಾರಕ್ಕೆ ಬಾಗುತ್ತವೆ ಎಂಬುದನ್ನು ನಾನು ಕಲಿತದ್ದು ಈ ಗೋಡೆಯನ್ನು ನೋಡಿಯೇ.

ಚಹಾ ಆದ ಮೇಲೆ ಅವರು ನನಗೆ ಗಾಂಧಾರಿ ಹುಬ್ಬಳ್ಳಿಯವರ ಪ್ಲೇಟು ಹಚ್ಚಿದರು. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಎಚ್‌ಎಂವಿ ಕಂಪನಿಗೆ ಹಾಡಿದಾಗ ಪ್ಲೇಟಿನ ಮೇಲೆ ಅಚ್ಚಾದ ಹೆಸರು ಅದು. ಇದು ವಿನೈಲ್ ಅಲ್ಲ, ಅರಗಿನ ಪ್ಲೇಟು; ಹತ್ತು ಅಂಗುಲದ ಬಿಲ್ಲೆ, ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಮೂರು ನಿಮಿಷವಾದರೆ ಮುಗಿಯಿತು. ಅದಕ್ಕೆ ಬೇಕಾದ ದಪ್ಪ ಮುಳ್ಳು ಬೇರೆ, ಎಲ್‌ಪಿಯ, ಅಂದರೆ ಆಮೇಲೆ ಬಂದ ಹೆಚ್ಚು ಹೊತ್ತು ಓಡುವ ವಿನೈಲ್ ಪ್ಲೇಟಿನ, ಸಣ್ಣ ಮುಳ್ಳು ಬೇರೆ. ಮಾಸ್ತರರು ಮುಳ್ಳು ಬದಲಿಸುವಾಗ ಉಸಿರು ಹಿಡಿದಿರುತ್ತಾರೆ. ಕರಕರ ಸದ್ದಿನ ಹಿಂದಿನಿಂದ ಬಂದ ಆ ದನಿ ತೆಳುವಾದ, ಎತ್ತರದ, ಹುಡುಗಿಯ ದನಿ. ಗಂಗೂಬಾಯಿಯವರೆಂದರೆ ನಮ್ಮ ಪೀಳಿಗೆಗೆ ಗೊತ್ತಿರುವುದು ಗಂಡುದನಿಯ ಘನತೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಕಂಠ ಇಳಿದು ಗಡುಸಾಯಿತೆಂಬುದನ್ನು ಓದಿ ತಿಳಿದಿದ್ದೆ, ಆದರೆ ಓದುವುದು ಬೇರೆ, ಮೂರು ನಿಮಿಷ ಈ ದನಿಯ ಎದುರು ಕೂರುವುದು ಬೇರೆ.

“ಇದರ ಮಗ್ಗಲಕ್ಕ ಇಡಾಕ ನನ್ನ ಹಂತ್ಯಾಕ ಅವರ ಎಲ್‌ಪಿ ಒಂದಿತ್ತು. ಕಿಟಕಿ ಬಿಸಲಿಗೆ ಹಪ್ಪಳ ಆಗೇತಿ” ಎಂದು ಮಾಸ್ತರರು ಅಲೆಅಲೆಯಾಗಿ ಸೊಟ್ಟಗಾಗಿದ್ದ ಬಿಲ್ಲೆಯೊಂದನ್ನು ತೋರಿಸಿದರು. ಮುಳ್ಳು ಅದರ ಮೇಲೆ ದೋಣಿಯಂತೆ ಏರಿಳಿಯುತ್ತಿತ್ತು. ಮುಂಬಯಿಯಲ್ಲಿ ಅದರದೇ ಇನ್ನೊಂದು ಪ್ರತಿ ಸಿಕ್ಕರೆ ತರಬೇಕೆಂಬುದು ಅವರ ಬೇಡಿಕೆ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು: “ಗೆರಿ ಹೊಳಿತಾವಂತ ಮೋಸ ಹೋಗಬ್ಯಾಡ್ರಿ. ಎಣ್ಣಿ ಹಚ್ಚಿ ಒರಸಿರತಾರ. ನಡುವಿನ ತೂತು ನೋಡ್ರಿ, ತೂತು ಸುಳ್ಳು ಹೇಳೂದಿಲ್ಲ.”

ಅದರ ಅರ್ಥ ಇಷ್ಟು: ಪ್ಲೇಟನ್ನು ಯಂತ್ರದ ಮೇಲೆ ಇಡುವಾಗ ನಡುವಿನ ಕಡ್ಡಿಗೆ ತೂತು ಸರಿಯಾಗಿ ಕೂರುವ ತನಕ ಕೈ ತಡಕಾಡುತ್ತದೆ, ಕಡ್ಡಿಯ ತುದಿ ಕೆಳಗಡೆಯಾದ ಬದಿಯ ಕಾಗದದ ಚೀಟಿಯನ್ನು ಗೀರುತ್ತದೆ. ಒಂದು ಬದಿ ಹಚ್ಚಿದರೆ ಗೀರು ಬೀಳುವುದು ಇನ್ನೊಂದು ಬದಿಗೆ. ನೂರು ಸಲ ಹಚ್ಚಿದ ಪ್ಲೇಟಿನಲ್ಲಿ ತೂತಿನ ಸುತ್ತ ಕೂದಲೆಳೆಯಂಥ ಗೆರೆಗಳು ಜೇಡರಬಲೆಯಂತೆ ಕಾಣುತ್ತವೆ.

ಎರಡನೆಯ ದಿನ, ಮಂಗಳವಾರ: ಮಿರಜ

ಬೆಳಿಗ್ಗೆ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಲೋಂಡಾದ ಕಾಡು, ಬೆಳಗಾವಿ, ಘಟಪ್ರಭಾ ದಾಟಿ ಮಧ್ಯಾಹ್ನದ ಹೊತ್ತಿಗೆ ಮಿರಜದಲ್ಲಿ ಇಳಿದೆ. ಪ್ಲೇಟು ಕೊಳ್ಳುವುದಕ್ಕೆ ಮಿರಜದಲ್ಲಿ ಏನೂ ಇಲ್ಲ. ಆದರೂ ಪ್ರತಿ ಸಲ ಇಳಿಯುತ್ತೇನೆ, ಏಕೆಂದರೆ ನನ್ನ ಸಂಗ್ರಹದ ಮೊದಲ ಎಲ್‌ಪಿ ಗಾಯಕ ಅಬ್ದುಲ್ ಕರೀಂ ಖಾನ್ ಅವರದು, ಅವರು ಮಲಗಿರುವುದು ಇಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿ. 1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದವರು ನಡುದಾರಿಯಲ್ಲಿ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು ಅಲ್ಲೇ ತೀರಿಕೊಂಡರು. ದೇಹವನ್ನು ಮಿರಜಕ್ಕೆ ತಂದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು, ಗಂಗೂಬಾಯಿ ಮತ್ತು ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. ಗದಗಿನ ಹುಡುಗ ಭೀಮಸೇನ ಮನೆ ಬಿಟ್ಟು ಓಡಿದ್ದಕ್ಕೆ ಅಂಗಡಿಯಲ್ಲಿ ಕೇಳಿದ ಇವರ ಪ್ಲೇಟೇ ಕಾರಣವೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹುಬ್ಬಳ್ಳಿ–ಮಿರಜ ರೈಲುದಾರಿಯ ಅರ್ಧ ಸಂಗೀತ ಹೀಗೆ ಒಂದೇ ಗೋರಿಗೆ ಬಂದು ಸೇರುತ್ತದೆ.

ನನ್ನ ಆ ಎಲ್‌ಪಿ ಅಬ್ದುಲ್ ಕರೀಂ ಖಾನರ ಕಾಲದ್ದಲ್ಲ, ಅವರ 78ರ ಪ್ಲೇಟುಗಳನ್ನು ಆಮೇಲೆ ಒಟ್ಟುಮಾಡಿ ಅಚ್ಚು ಹಾಕಿದ್ದು. ಭೈರವಿಯ ‘ಜಮುನಾ ಕೆ ತೀರ್’ ಅದರಲ್ಲಿದೆ. ಮೂಲದ ಕರಕರ ಸದ್ದನ್ನು ಎಷ್ಟು ಕಡಿಮೆ ಮಾಡಿದ್ದರೂ ಅದು ಪೂರ್ತಿ ಹೋಗಿಲ್ಲ, ಹೋಗಬಾರದೆಂದೇ ನನ್ನ ಅಭಿಪ್ರಾಯ. ಅತಿಯಾಗಿ ತಿಕ್ಕಿ ತೊಳೆದ ಮರುಮುದ್ರಣಗಳಲ್ಲಿ ಸದ್ದಿನ ಜೊತೆಗೆ ದನಿಯ ನಯವೂ ಹೋಗಿರುತ್ತದೆ.

ದರ್ಗಾದಿಂದ ಸಿತಾರು ಮಾಡುವವರ ಓಣಿಗೆ ನಡೆದುಹೋದೆ. ಒಂದು ಕಾರ್ಖಾನೆಯಲ್ಲಿ ಪಂಢರಪುರದ ಕಡೆಯಿಂದ ಬಂದ ದೊಡ್ಡ ದೊಡ್ಡ ಸೋರೆ ಬುರುಡೆಗಳು ತೂಗಾಡುತ್ತಿದ್ದವು, ಕೆಳಗೆ ಒಬ್ಬ ತಂಬೂರಿಯ ಕುದುರೆಯ (ತಂತಿಗಳು ಕೂರುವ ಪಟ್ಟಿ) ಮೇಲೆ ತಂತಿಯ ಅಡಿಗೆ ನೂಲೆಳೆ ಸರಿಸುತ್ತ ಜವಾರಿ, ಅಂದರೆ ತಂತಿಯ ಝೇಂಕಾರ, ಹಿಡಿಯುತ್ತಿದ್ದ. ನೂಲು ಒಂದು ಕೂದಲಷ್ಟು ಸರಿದದ್ದೇ ತಡ, ಸತ್ತಂತಿದ್ದ ತಂತಿ ಝೇಂಕರಿಸತೊಡಗಿತು. ಎಷ್ಟೋ ವರ್ಷ ಎಲ್‌ಪಿಗಳಲ್ಲಿ ನಾನು ತಂಬೂರಿಯೆಂದು ಕೇಳುತ್ತಿದ್ದುದು ಈ ಝೇಂಕಾರದ ನೆರಳನ್ನು ಮಾತ್ರ. ಗೆರೆಯ ಧೂಳು ಮೊದಲು ನುಂಗುವುದು ತಂಬೂರಿಯನ್ನೇ. ಪ್ಲೇಟು ತೊಳೆದ ದಿನ ಮೊದಲು ಮರಳಿ ಬರುವುದೂ ಅದೇ.

ತೊಳೆಯುವ ವಿಷಯ ಬಂದದ್ದರಿಂದ ನನ್ನ ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಎಲ್‌ಪಿಗಳನ್ನು ಭಟ್ಟಿ ಇಳಿಸಿದ ನೀರಿಗೆ ತುಸು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ಒರೆಸುವುದು ರೂಢಿ. ವಿನೈಲಿಗೆ ಅದರಿಂದ ಅಪಾಯವಿಲ್ಲ. ಹೊಸತರಲ್ಲಿ ನಾನು ಅದೇ ನೀರಿನಿಂದ ಅರಗಿನ ಪ್ಲೇಟೊಂದನ್ನು ಒರೆಸಿದೆ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಬಟ್ಟೆ ಕಪ್ಪಾಯಿತು, ಕೊಳೆ ಎಷ್ಟು ಚೆನ್ನಾಗಿ ಬಿಡುತ್ತಿದೆಯೆಂದು ಹಿಗ್ಗಿ ಇನ್ನಷ್ಟು ಒರೆಸಿದೆ. ಬಟ್ಟೆಗೆ ಬಂದದ್ದು ಕೊಳೆಯಲ್ಲ, ಹಾಡು.

ಮೂರನೆಯ ದಿನ, ಬುಧವಾರ: ಪುಣೆ

ರಾತ್ರಿ ರೈಲಿನಲ್ಲಿ ಪುಣೆ ತಲುಪಿ, ಮುಖ ತೊಳೆದು ಜುನಾ ಬಜಾರಿಗೆ ಹೋದೆ. ತುಕ್ಕು ಹಿಡಿದ ಸ್ಪ್ಯಾನರುಗಳು, ಒಂಟಿ ಬೂಟುಗಳು, ಕೆಟ್ಟ ಮಿಕ್ಸರುಗಳ ನಡುವೆ ಎರಡು ಕಡೆ ಪ್ಲೇಟುಗಳಿದ್ದವು. ಒಂದು ಕಡೆ ಬರೀ ಹಿಂದಿ ಚಿತ್ರಗೀತೆ. ಇನ್ನೊಂದು ಕಡೆ ಗಂಗೂಬಾಯಿಯವರ ಎಲ್‌ಪಿಯ ಹೊದಿಕೆ, ಅದೂ ಮಾಸ್ತರರ ಬಳಿಯಿದ್ದದ್ದೇ, ಮೂಲೆ ಸಹ ಮುಕ್ಕಾಗದೆ ನಗುತ್ತಿತ್ತು. ಒಳಗಿನ ಕಾಗದದ ಚೀಲದಲ್ಲಿ ಕಪ್ಪು ಬಿಲ್ಲೆಯ ಅಂಚು ಹೊಳೆಯಿತು. ಆತುರಕ್ಕೆ ಬಿದ್ದು, ಮಾಸ್ತರರ ಮಾತನ್ನು ಮರೆತು, ಮುನ್ನೂರು ರೂಪಾಯಿ ಕೊಟ್ಟು ಬಗಲಿಗಿಟ್ಟುಕೊಂಡೆ. ವಸತಿಗೃಹಕ್ಕೆ ಬಂದು ಬಿಚ್ಚಿ ನೋಡಿದರೆ ಒಳಗಿದ್ದದ್ದು ಮಕ್ಕಳಿಗೆ ಮರಾಠಿಯಲ್ಲಿ ಹೇಳಿದ ಕಥೆಗಳ ಪ್ಲೇಟು. ವ್ಯಾಪಾರಿಯನ್ನು ದೂರುವಂತಿಲ್ಲ, ಬಿಚ್ಚಿ ನೋಡಬೇಡವೆಂದು ಅವನು ಹೇಳಿರಲಿಲ್ಲ. ಹೊದಿಕೆಯಾದರೂ ಚೆನ್ನಾಗಿದೆಯಲ್ಲ ಎಂದು ಇಟ್ಟುಕೊಂಡೆ. ಪುಣೆಯ ಬಗ್ಗೆ ಈ ಸಲ ಇನ್ನೇನೂ ಹೇಳುವುದಕ್ಕಿಲ್ಲ.

ನಾಲ್ಕನೆಯ ದಿನ, ಗುರುವಾರ: ಮುಂಬಯಿ, ಮಟನ್ ಸ್ಟ್ರೀಟ್

ಬೆಳಗಿನ ಡೆಕ್ಕನ್ ಕ್ವೀನ್ ಹಿಡಿದು ಹತ್ತೂವರೆಯ ಸುಮಾರಿಗೆ ಬೋರಿಬಂದರಿನಲ್ಲಿ ಇಳಿದೆ. ಮೊದಲೆಲ್ಲ ಇಲ್ಲಿಂದ ನೇರವಾಗಿ ಕಾಳಾಘೋಡಾದ ರಿದಮ್ ಹೌಸಿಗೆ ಹೋಗುತ್ತಿದ್ದೆ. 1948ರಿಂದ ನಡೆದುಬಂದ ಆ ಅಂಗಡಿ 2016ರಲ್ಲಿ ಬಾಗಿಲು ಮುಚ್ಚಿತು. ಈಗ ಸೀದಾ ಚೋರ್ ಬಜಾರು.

ಮಟನ್ ಸ್ಟ್ರೀಟಿನಲ್ಲಿ ಹೆಸರಿಗೆ ತಕ್ಕಂತೆ ಮಾಂಸವಿಲ್ಲ, ಹಳೆಯ ಕಾಲವಿದೆ: ಹಡಗಿನ ದೀಪಗಳು, ಚಿತ್ರಪಟದ ಪೋಸ್ಟರುಗಳು, ಹಿತ್ತಾಳೆಯ ಕಹಳೆ ಸಿಕ್ಕಿಸಿದ ಹೊಸ ‘ಹಳೆಯ’ ಗ್ರಾಮಫೋನುಗಳು. ನಾನು ಹೋಗುವ ಅಂಗಡಿಯಲ್ಲಿ ಪ್ಲೇಟುಗಳು ನೆಲದಿಂದ ಸೂರಿನವರೆಗೆ ಇವೆ. ಶಾಸ್ತ್ರೀಯ ಸಂಗೀತದ ಸಾಲು ಒಳಗಡೆ, ಕತ್ತಲಲ್ಲಿ. ಎಲ್‌ಪಿಗಳ ಬೆನ್ನಿನ ಮೇಲಿನ ಅಕ್ಷರಗಳನ್ನು ಓದುವುದೇ ಒಂದು ರೂಢಿ: ಇಎಎಲ್‌ಪಿ ಎಂದಿದ್ದರೆ ಎಚ್‌ಎಂವಿಯ ಮೋನೋ, ಇಎಎಸ್‌ಡಿ ಎಂದರೆ ಅದರ ಸ್ಟೀರಿಯೋ, ಇಸಿಎಲ್‌ಪಿ ಎಂದರೆ ಕೊಲಂಬಿಯಾ ಮುದ್ರೆಯ ಮೋನೋ. ಮುದ್ರೆ ಯಾವುದಿದ್ದರೂ ಬಿಲ್ಲೆ ಹುಟ್ಟಿದ್ದು ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲೇ. ಮೊದಮೊದಲಿನ ಮೋನೋ ಪ್ಲೇಟು ಕಂಡರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ.

ಗಂಟೆಯೊಂದು ಕಳೆದ ಮೇಲೆ ಕೈಗೆ ಬಂದದ್ದು ಹಿಂದುಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನ್ ಅವರ ಮಾರ್ವಾ ಮತ್ತು ದರ್ಬಾರಿ. ಒಂದು ಬದಿಗೆ ಒಂದೇ ರಾಗ. ಹೊದಿಕೆ ಹರಿದು ಟೇಪಿನಿಂದ ಅಂಟಿಸಿಕೊಂಡಿತ್ತು, ಹಿಂದೆ ಯಾರದೋ ಮನೆಯ ಎಣ್ಣೆಯ ಬೆರಳಚ್ಚು. ಈ ಸಲ ಬಿಚ್ಚಿದೆ. ಬಾಗಿಲ ಬಳಿ ತಂದು, ಬಿಸಿಲಿಗೆ ಓರೆಯಾಗಿ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಮಾರ್ವಾದ ಬದಿಯ, ಹಾಡು ಕೊರೆದ ಗೆರೆಗಳಿಗೆ ಬೂದಿ ಬಣ್ಣ ಬಂದಿತ್ತು. ಹಿಂದಿನ ಕಾಲದ ರೇಡಿಯೋಗ್ರಾಮಿನ ಭಾರದ ತೋಳು ಉತ್ತ ಬಣ್ಣ ಅದು. ತೂತಿನ ಸುತ್ತ ಮಾತ್ರ ಒಂದು ಗೀರೂ ಇರಲಿಲ್ಲ. ಮಗುಚಿದೆ. ದರ್ಬಾರಿಯ ಬದಿ ಕಾಡಿಗೆಯಂತೆ ಕಪ್ಪಗೆ ಹೊಳೆಯಿತು. ತೂತಿನ ಸುತ್ತ ಮಾತ್ರ ಗೆರೆಗಳೋ ಗೆರೆಗಳು, ಚೀಟಿಯ ಕಾಗದ ಅಲ್ಲಲ್ಲಿ ತೇದು ಬಿಳಿಚಿತ್ತು. ಕೆಳಗಡೆಯಾಗಿ ಕಡ್ಡಿಗೆ ಸಿಕ್ಕಿದ್ದು ಈ ಬದಿಯೇ.

ಯಾರೋ ಒಬ್ಬರು ಈ ಪ್ಲೇಟು ಕೊಂಡು, ವರ್ಷಗಟ್ಟಲೆ, ಒಂದೇ ಬದಿ ಕೇಳಿದ್ದರು. ಮಾರ್ವಾ ಸೂರ್ಯಾಸ್ತದ ರಾಗ, ದರ್ಬಾರಿ ನಡುರಾತ್ರಿಯದು. ಸಂಜೆ ಕೆಲಸದಿಂದ ಬಂದವರು ಬಟ್ಟೆ ಬದಲಿಸದೆ ಇದನ್ನು ಹಚ್ಚುತ್ತಿದ್ದರೋ, ರಾತ್ರಿ ಹಚ್ಚಿದರೆ ಮನೆಯವರು ಬೈಯುತ್ತಿದ್ದರೋ! ಚಾಳಿನ ಒಂದು ಕೋಣೆಯಲ್ಲಿ ದರ್ಬಾರಿಗೆ ಜಾಗವೆಲ್ಲಿ ಎಂದುಕೊಂಡೆ. ಅಂಗಡಿಯವನು ಎಂಟುನೂರು ಕೇಳಿದ, ಮಾರ್ವಾ ಸವೆದಿದೆ ಎಂದು ತೋರಿಸಿದ ಮೇಲೆ ಐನೂರಕ್ಕೆ ಕೊಟ್ಟ. ಸವೆದದ್ದಕ್ಕೇ ನಾನದನ್ನು ಕೊಳ್ಳುತ್ತಿದ್ದೇನೆಂದು ಅವನಿಗೆ ಹೇಳಲಿಲ್ಲ.

ಇದೇ ಅಂಗಡಿಯಲ್ಲಿ ಮಾಸ್ತರರ ಎಲ್‌ಪಿಯೂ ಸಿಕ್ಕಿತು, ಹೊದಿಕೆಯಿಲ್ಲದೆ, ವೃತ್ತಪತ್ರಿಕೆಯಲ್ಲಿ ಸುತ್ತಿದ್ದು. ತೂತು ನೋಡಿದೆ, ಮೂರೋ ನಾಲ್ಕೋ ಗೆರೆ. ಪುಣೆಯ ಹೊದಿಕೆಗೆ ಒಳಗೊಂದು ಬಿಲ್ಲೆ ಬಂತು.

ಐದನೆಯ ದಿನ, ಶುಕ್ರವಾರ: ಜುಮ್ಮಾ ಸಂತೆ

ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಟಾರ್ಚು ಹಿಡಿದು ಹೋದೆ. ಕತ್ತಲಲ್ಲಿ ಹಾಸಿದ ಗೋಣಿಗಳ ಮೇಲೆ ಟಾರ್ಚುಗಳ ಬೆಳಕು ಓಡಾಡುತ್ತಿರುತ್ತದೆ, ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಒಂದು ಗೋಣಿಯ ಮೇಲೆ ಅರಗಿನ ಪ್ಲೇಟುಗಳ ರಾಶಿ, ಮೇಲಿನ ಐದಾರು ಒಡೆದಿದ್ದವು. ಒಂದು ತುಂಡಿನ ಮೇಲೆ ಗೌಹರ್ ಜಾನ್ ಎಂಬ ಹೆಸರು ಅರ್ಧ ಉಳಿದಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಣದ ಕಹಳೆಯ ಎದುರು ನಿಲ್ಲಿಸಿ ಹಾಡಿಸಿದ್ದು ಈಕೆಯನ್ನು. ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಅದು ಜಂಬವಲ್ಲ, ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಬೇಕಿತ್ತಲ್ಲ. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ತುಂಡನ್ನು ಹತ್ತು ರೂಪಾಯಿಗೆ ಕೇಳಿದೆ. ವ್ಯಾಪಾರಿ ನನ್ನ ಮುಖಕ್ಕೆ ಟಾರ್ಚು ಬಿಟ್ಟು ನೋಡಿ ಹಾಗೆಯೇ ಕೊಟ್ಟುಬಿಟ್ಟ.

ಆ ರಾತ್ರಿಯೇ ಹುಬ್ಬಳ್ಳಿಯ ರೈಲು ಹತ್ತಿದೆ. ಪ್ಲೇಟುಗಳನ್ನು ಎರಡು ರಟ್ಟುಗಳ ನಡುವೆ ಕಟ್ಟಿ, ಬರ್ತಿನ ಮೇಲೆ ಗೋಡೆಗೆ ಆನಿಸಿ ನಿಲ್ಲಿಸಿ, ಅವುಗಳ ಪಕ್ಕದಲ್ಲಿ ಮಗ್ಗುಲಾಗಿ ನಾನು ಮಲಗಿದೆ.

ಆರನೆಯ ದಿನ, ಶನಿವಾರ: ಮತ್ತೆ ಧಾರವಾಡ

ಹುಬ್ಬಳ್ಳಿಗೆ ಹೋಗದೆ ಧಾರವಾಡದಲ್ಲೇ ಇಳಿದುಬಿಟ್ಟೆ. ಮಾಸ್ತರರು ಗಂಗೂಬಾಯಿಯವರ ಎಲ್‌ಪಿಯ ತೂತನ್ನು ಬೆರಳಿನಿಂದ ಸವರಿ, ಏನೂ ಹೇಳದೆ ತೊಳೆಯುವ ನೀರು ತರಲು ಒಳಗೆ ಹೋದರು. ಒಣಗಿಸಿ, ಮೊದಲು ಗಾಂಧಾರಿಯವರ ಮೂರು ನಿಮಿಷ, ಆಮೇಲೆ ಮುಳ್ಳು ಬದಲಿಸಿ ಇದು. ಅದೇ ಮನುಷ್ಯರ ಕೊರಳು ಎಂದು ಕಿವಿ ಒಪ್ಪುವುದಿಲ್ಲ. ಹುಡುಗಿಯ ದನಿ ಮೂರು ನಿಮಿಷಕ್ಕೆ ಹೆದರಿದಂತೆ ತಾನ್ ಮೇಲೆ ತಾನ್ (ವೇಗದ ಸ್ವರಗಳ ಸರಮಾಲೆ) ಸುರಿದು ಓಡುತ್ತದೆ. ಎಲ್‌ಪಿಯ ದನಿ ಮಂದ್ರದಲ್ಲಿ ಬೇರು ಬಿಟ್ಟು ಕೂತು, ಹಿಂದೆ ಮಗಳು ಕೃಷ್ಣಾ ಹಾನಗಲ್ ಅವರ ಕೊರಳನ್ನು ಆನಿಸಿಕೊಂಡು, ಒಂದೊಂದೇ ಸ್ವರ ಏರುತ್ತದೆ. ಕಂಠ ಬದಲಾದದ್ದು ಒಂದು, ಸಮಯ ಸಿಕ್ಕಿದ್ದು ಇನ್ನೊಂದು. ಎರಡನ್ನೂ ಒಂದೇ ಮಧ್ಯಾಹ್ನ ಕೇಳದಿದ್ದರೆ ಯಾವುದು ಯಾವುದರಿಂದ ಎಂದು ಬಿಡಿಸಲು ಬರುವುದಿಲ್ಲ.

ಸಂಜೆ ಆರಕ್ಕೆ ಮಾರ್ವಾ. ‘ಪಿಯಾ ಮೋರೆ ಅನತ ದೇಸ’ ಝೂಮ್ರಾ ತಾಳದಲ್ಲಿ ತೆವಳುತ್ತದೆ. 78ರ ಪ್ಲೇಟಿನಲ್ಲಿ ಈ ತಾಳದ ಬೆರಳೆಣಿಕೆಯ ಆವರ್ತನಗಳಷ್ಟೇ ಹಿಡಿಸುತ್ತಿದ್ದವು. ಕೋಮಲ ರಿಷಭದ ಮೇಲೆ ನಿಂತು ಷಡ್ಜಕ್ಕೆ ಇಳಿಯದೆ ಕಾಡಿಸುವ ಆ ಆಟ ಎಲ್‌ಪಿ ಬಂದ ಮೇಲೆ ಮಾತ್ರ ಮನೆಯೊಳಗೆ ಬರಲು ಸಾಧ್ಯವಾದದ್ದು. ಸವೆತ ಮೊದಲ ಹದಿನೈದು ನಿಮಿಷ ಅಷ್ಟಾಗಿ ಕಾಡಲಿಲ್ಲ. ಆದರೆ ‘ಗುರು ಬಿನ ಗ್ಯಾನ’ ದ್ರುತ್ (ವೇಗದ ಭಾಗ) ಶುರುವಾದದ್ದೇ ದನಿ ಒಡೆಯತೊಡಗಿತು. ಇದು ಎಲ್‌ಪಿಯ ಹುಟ್ಟುಗುಣ: ಸುತ್ತು ಅಷ್ಟೇ ಇದ್ದರೂ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡುವ ಗೆರೆ ಒಳಗೆ ಬರುಬರುತ್ತ 21 ಸೆಂ.ಮೀ.ಗೆ ಇಳಿಯುತ್ತದೆ, ಅಷ್ಟೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಡುಕಬೇಕಾಗುತ್ತದೆ. ನಮ್ಮ ಸಂಗೀತದಲ್ಲಿ ದ್ರುತ್ ಬರುವುದೂ ತಾನುಗಳು ಸಿಡಿಯುವುದೂ ಕೊನೆಗೆ, ಅಂದರೆ ಆ ಇಕ್ಕಟ್ಟಿನಲ್ಲೇ. ಮೊದಲು ಸವೆಯುವುದೂ ಅದೇ.

“ಯಾರೋ ಪುಣ್ಯಾತ್ಮ ಕಡೀತನಕ ಕೇಳ್ಯಾನ” ಎಂದರು ಮಾಸ್ತರರು. ಪ್ಲೇಟು ಮಗುಚಲು ಹೊರಟವನ ಕೈ ಹಿಡಿದು, ದರ್ಬಾರಿ ಈಗಲ್ಲ, ಊಟ ಮಾಡಿ ಊರು ಮಲಗಿದ ಮೇಲೆ ಎಂದರು. ಹುಬ್ಬಳ್ಳಿಗೆ ಹೋಗುವ ಯೋಚನೆ ಅಲ್ಲಿಗೆ ಮುಗಿಯಿತು.

ಹತ್ತೂವರೆಗೆ ದೊಡ್ಡ ದೀಪ ಆರಿಸಿ ಪ್ಲೇಟು ಇಡಲು ನನಗೇ ಹೇಳಿದರು. ಅರೆಗತ್ತಲಲ್ಲಿ ಕಡ್ಡಿ ಕಾಣದೆ ಎರಡು ಸಲ ತಡಕಾಡಿದೆ, ಮೂರನೆಯ ಸಲಕ್ಕೆ ಕೂತಿತು. ಮುಳ್ಳು ಇಳಿಯಿತು, ಕರಕರ ಇಲ್ಲ, ಟಕ್ ಎಂಬುದಿಲ್ಲ, ತಂಬೂರಿ ಮಿರಜದ ಆ ಕಾರ್ಖಾನೆಯಲ್ಲಿ ಕೇಳಿದಷ್ಟೇ ಹತ್ತಿರ. ದರ್ಬಾರಿಯ ಗಾಂಧಾರ ಅಲುಗತೊಡಗಿದಾಗ ಮಾಸ್ತರರು ಕಣ್ಣು ಮುಚ್ಚಿದವರು, ದ್ರುತ್ ಮುಗಿದು ತೋಳು ಮೇಲೆದ್ದ ಮೇಲೆಯೇ ತೆರೆದದ್ದು. ಆಮೇಲೆ ಪ್ಲೇಟನ್ನು ಅಂಚಿನಲ್ಲಿ ಹಿಡಿದು, ಮಗುಚಿ, ದೀಪದ ಕಡೆ ವಾಲಿಸಿ, ನನಗೆ ತೋರಿಸಿದರು. ಮಾರ್ವಾ ಬದಿಯ ಗೀರಿಲ್ಲದ ಆ ಚೀಟಿಯ ಮೇಲೆ, ತೂತಿನ ಪಕ್ಕದಲ್ಲಿ, ಹೊಸದಾಗಿ ಎರಡು ಗೆರೆ ಮೂಡಿದ್ದವು.